ಹೊರಗೆ ಬೀಗ, ಒಳಗೆ ನಾವು

ಇಪ್ಪತ್ತಾರು ದಿನ ನಾನು ನನ್ನ ಹೆಂಡತಿಯನ್ನು ಮನೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದ್ದೆ. ಸಭೆಯ ಮುಂದೆ ಸಾಕ್ಷಿ ಹೇಳುವವರು ಮೊದಲು ತಮ್ಮ ಕಷ್ಟ ಹೇಳಿಕೊಂಡು, ತಪ್ಪನ್ನು ಆಮೇಲೆ ಮೆಲ್ಲಗೆ ಸೇರಿಸುತ್ತಾರೆ. ನನ್ನ ವಿಷಯದಲ್ಲಿ ಕಷ್ಟ ಯಾವುದು ತಪ್ಪು ಯಾವುದು ಎಂದು ಬಿಡಿಸಲಾಗದ ಕಾರಣ ಮೊದಲೇ ಹೇಳಿಬಿಟ್ಟೆ. ಪ್ರಿಯ ಸಹೋದರ ಸಹೋದರಿಯರೇ, ಬೈಯುವವರು ಬೈಯಿರಿ. ಪೂರ್ತಿ ಓದಿ ಬೈಯಿರಿ ಎಂಬುದಷ್ಟೇ ನನ್ನ ಬೇಡಿಕೆ.

ನಾನು ಕೊಟ್ಟೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕುರಿಗಳಿಗೆ ಜಂತಿನ ಔಷಧಿ ಕುಡಿಸುವುದು, ಎತ್ತಿನ ಗಾಯಕ್ಕೆ ಪಟ್ಟಿ ಕಟ್ಟುವುದು ನನ್ನ ಕೆಲಸ. ಆಗ ನಮ್ಮೂರಲ್ಲಿ ನಮ್ಮ ಕ್ರೈಸ್ತರದೆಂದು ಒಂದು ದೇವಾಲಯವಿರಲಿಲ್ಲ. ಹರಪನಹಳ್ಳಿಯಿಂದ ಪಾದ್ರಿ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಿದ್ದರು, ಅದೂ ಬಸ್ಸು ಕೆಡದಿದ್ದರೆ. ಹಾಗಾಗಿ ನಾವು ಐದು ಮನೆಯವರು ಸೇರಿ ಮನೆಕೂಟ ಮಾಡಿಕೊಂಡಿದ್ದೆವು. ಪ್ರತಿ ಗುರುವಾರ ಸಂಜೆ, ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ. ಹಾಡು ಎತ್ತುವವನು ನಾನು, ವಾಕ್ಯ ವಿವರಿಸುವವನು ನಾನು, ಯಾರಾದರೂ ತಡವಾಗಿ ಬಂದರೆ ಮುಖ ಗಂಟು ಹಾಕುವವನೂ ನಾನೇ.

ಕೂಟದಲ್ಲಿ ಲೀಲಾವತಿ ಟೀಚರ್ ಎಂಬವರಿದ್ದಾರೆ. ಅವರ ಎರಡು ವರ್ಷದ ಮಗ ವಾಂತಿಭೇದಿಯಾಗಿ ತೀರಿಕೊಂಡ ಮರುವಾರ ಕೂಟಕ್ಕೆ ಬಂದು ಹಾಡಿನ ನಡುವೆಯೇ ಹೋ ಎಂದು ಅತ್ತರು. ನಾನು ಹಾಡು ನಿಲ್ಲಿಸಿದೆ. "ಟೀಚರ್, ವಿಶ್ವಾಸಿಗಳಾದವ್ರು ಹಿಂಗ ಅಳಬಾರದ್ರಿ. ಅಕ್ಕಪಕ್ಕದವ್ರು ಏನಂದಾರು?" ಎಂದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. ನಾನು ಎರಡನೇ ಚರಣ ಎತ್ತಿದೆ. ಅವತ್ತು ನನ್ನ ಮಾತು ಸರಿಯೆಂದೇ ನನಗೆ ಅನ್ನಿಸಿತ್ತು.

೧೯೭೯ನೇ ಇಸವಿ. ಮದುವೆಯಾಗಿ ಏಳು ವರ್ಷಕ್ಕೆ ನನ್ನ ಹೆಂಡತಿ ಸುಗುಣ ಬಸುರಾಗಿದ್ದಳು. ದಿನ ತುಂಬುವ ಮೊದಲೇ ನೋವು ಬಂತು. ಬೆಳಗಿನ ಬಸ್ಸಿನಲ್ಲಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಹೋದೆ. ಡ್ರೈವರ್ ಪುಣ್ಯಾತ್ಮ, ಪ್ರತಿ ಗುಂಡಿಗೂ ಬಸ್ಸು ನಿಧಾನ ಮಾಡಿದ. ಸಂಜೆಗೆ ಹೆಣ್ಣು ಮಗು ಹುಟ್ಟಿತು. ಸುಗುಣಳಿಗೆ ಬಾಣಂತಿ ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಮಗುವನ್ನು ಬೇರೆ ಕೋಣೆಯಲ್ಲಿ ಬೆಚ್ಚಗೆ ಇಟ್ಟಿದ್ದರು. ನಾನು ಇಬ್ಬರ ನಡುವೆ ನಾಲ್ಕು ದಿನ ಓಡಾಡಿದೆ. ಐದನೆಯ ದಿನ ಬೆಳಗ್ಗೆ ಮಗು ಹೋಯಿತು.

ನರ್ಸಮ್ಮ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟು, "ಜ್ವರ ಇಳೀತಾ ಐತೆ, ಮಧ್ಯಾಹ್ನದೊಳಗೆ ಕಣ್ಣು ಬಿಡ್ತಾಳೆ. ತಾಯಿಗೆ ಒಂದ್ಸಲ ತೋರ್ಸಿಬಿಡ್ರಿ, ಆಮೇಲೆ ಹೋಗ್ರಿ" ಎಂದರು. ನಾನು ಬೇಡವೆಂದೆ. ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ, ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದು ನನ್ನ ಲೆಕ್ಕ. ಅಲ್ಲಿಯ ಸಮಾಧಿ ತೋಟದ ಮೂಲೆಯಲ್ಲಿ, ಗುಣಿ ತೋಡುವ ಮುದುಕನೊಬ್ಬನ ಜೊತೆ ನಿಂತು ಮಣ್ಣು ಮಾಡಿ ಬಂದೆ.

ಸುಗುಣ ಕಣ್ಣು ಬಿಟ್ಟವಳೇ, "ಎಲ್ಲೈತ್ರಿ ಕೂಸು?" ಎಂದಳು.

"ಕರ್ತನು ಕರ್ಕೊಂಡ. ಅಳಬ್ಯಾಡ" ಎಂದೆ.

ಅವಳು ನನ್ನ ಮಾತು ಮೀರುವವಳಲ್ಲ. ಅಳಲಿಲ್ಲ. "ನನಗ ತೋರಸ್ಲಿಲ್ಲ" ಎಂದಳು. ಆಮೇಲೆ ಗೋಡೆ ಕಡೆ ತಿರುಗಿದಳು.

ಆಸ್ಪತ್ರೆಯಿಂದ ಬಿಟ್ಟ ದಿನ ನಾವು ಕೊಟ್ಟೂರಿಗೆ ಬಂದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ನಮ್ಮ ಮನೆ ದನದ ಆಸ್ಪತ್ರೆಯ ಹಿಂದೆ, ಊರಿಂದ ಆಚೆ, ಒಂಟಿಯಾಗಿರುವ ಕ್ವಾರ್ಟರ್ಸು. ಬಂದದ್ದನ್ನು ಯಾರೂ ನೋಡಲಿಲ್ಲ. ನಾಲ್ಕನೆಯ ದಿನ ನಾನು ಕೆಲಸದಿಂದ ಊಟಕ್ಕೆ ಬಂದರೆ ಮನೆ ಹಾರುಬಡಿದಿತ್ತು. ಸುಗುಣ ಒಳಗಿರಲಿಲ್ಲ. ಬಾವಿ ನೋಡಿದೆ, ಹಿತ್ತಲು ನೋಡಿದೆ. ಕಡೆಗೆ ಹರಪನಹಳ್ಳಿ ರಸ್ತೆಯಲ್ಲಿ, ಒಂದು ಬೇವಿನ ಗಿಡದ ಕೆಳಗೆ ಸಿಕ್ಕಳು. ಕೈಯಲ್ಲಿ ಕೂಸಿಗೆಂದು ತಾನೇ ಹೊಲಿದಿದ್ದ ಕುಲಾವಿ. "ದಾವಣಗೇರಿ ಬಸ್ಸು ಎಷ್ಟೊತ್ತಿಗ್ರಿ?" ಎಂದು, ಯಾರೋ ದಾರಿಹೋಕನನ್ನು ಕೇಳುವಂತೆ ನನ್ನನ್ನು ಕೇಳಿದಳು. ಅದೇ ಕೊನೆ. ಆಮೇಲೆ ಬಾಯಿ ಬಿಡಲಿಲ್ಲ. ಅವತ್ತೇ ನಾನು ಪೇಟೆಗೆ ಹೋಗಿ ಬೀಗ ತಂದೆ. ಹಿಂಬಾಗಿಲಿಗೂ ಹೊರಗಿನಿಂದ ಚಿಲಕ ಕೂಡಿಸಿದೆ.

ಮಗು ತೀರಿದ್ದು ಕೂಟದವರಿಗೆ ಗೊತ್ತಿತ್ತು. ಸುಗುಣ ಎಲ್ಲಿ ಎಂದು ಕೇಳಿದಾಗ, ಗದಗಿನಲ್ಲಿ ಅವಳ ಅಣ್ಣನ ಮನೆಯಲ್ಲಿ ಆರೈಕೆಗೆ ಬಿಟ್ಟಿದ್ದೇನೆ ಎಂದೆ. ಬಾಣಂತಿ ತವರಿಗೆ ಹೋಗುವುದು ಲೋಕರೂಢಿ, ಯಾರೂ ಎರಡನೆಯ ಮಾತು ಆಡಲಿಲ್ಲ. ಯಾಕೆ ಸುಳ್ಳು ಹೇಳಿದೆ? ನಾಚಿಕೆ. ಊರ ಮಂದಿಗೆಲ್ಲ ಅಳಬೇಡಿ, ಪ್ರಾರ್ಥಿಸಿ ಎಂದು ಬುದ್ಧಿ ಹೇಳಿದವನ ಹೆಂಡತಿ ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿಲ್ಲ, ಗೋಡೆ ನೋಡುತ್ತ ಕೂರುತ್ತಾಳೆ ಎಂದು ಹೇಗೆ ಹೇಳಲಿ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಗುತ್ತಾರೆಂಬ ಭಯ.

ಒಂದು ಸುಳ್ಳಿಗೆ ಹತ್ತು ಸುಳ್ಳು ಎಂಬುದನ್ನು ಆಗ ಕಂಡೆ. ಕೂಟದ ಹಿರಿಯರಾದ ಎಸ್ತೇರಮ್ಮ, ಸೂಲಗಿತ್ತಿ ಕೆಲಸದಲ್ಲೇ ತಲೆ ನರೆತವರು, ಬಾಣಂತಿಗೆಂದು ಅಂಟಿನುಂಡೆ ಕಟ್ಟಿಕೊಂಡು ದನದ ಆಸ್ಪತ್ರೆಗೆ ಬಂದರು. "ಗದಗಿಗೆ ಹೋಗೋರು ಯಾರರ ಇದ್ರ ಕಳಸ್ರೀ. ನಡಾ ಗಟ್ಟಿ ಆಗ್ಬೇಕು ಆ ಹುಡುಗಿದು" ಎಂದರು. ನಾನು ಡಬ್ಬಿ ತೆಗೆದುಕೊಂಡು ಐವತ್ತು ಹೆಜ್ಜೆ ನಡೆದು, ಬೀಗ ತೆಗೆದು, ಸುಗುಣಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. ಮರುವಾರ ಇನ್ನೊಂದು ಡಬ್ಬಿ ಬಂತು. "ಹೆಂಗದಾಳಂತ?" ಎಂದರು. "ಆರಾಮದಾಳಂತ್ರಿ, ನಿಮ್ಮನ್ನ ಕೇಳ್ಯಾಳಂತ" ಎಂದೆ. ಅಷ್ಟು ಸಲೀಸಾಗಿ ಬಂತು ಮಾತು. ನನಗೇ ಭಯವಾಯಿತು.

ದಿನಾ ಬೆಳಗ್ಗೆ ಅವಳಿಗೆ ಗಂಜಿ ಕುಡಿಸಿ, ಚಾಕು, ಹಗ್ಗ, ಸೀಮೆಎಣ್ಣೆ ಡಬ್ಬಿ ಎಲ್ಲವನ್ನೂ ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಬೀಗ ಜಗ್ಗಿ ನೋಡುತ್ತಿದ್ದೆ. ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗುತ್ತಿದ್ದೆ. ಬೀಗ ಹಾಕಿದ್ದು ಅವಳಿಗೆ, ಆದರೆ ನಾನೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕ್ಯಾಂಪಿಗೆಂದು ಹಳ್ಳಿಗೆ ಹೋದರೆ ಕೆಲಸ ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದೆ. ಯಾರಾದರೂ ಕ್ವಾರ್ಟರ್ಸಿನ ಕಡೆ ಎರಡು ಹೆಜ್ಜೆ ಇಟ್ಟರೆ, "ಆ ಕಡಿಗೆ ಯಾಕ? ನಾಯಿ ಐತಿ" ಎಂದು ಗದರುತ್ತಿದ್ದೆ. ನಮ್ಮಲ್ಲಿ ನಾಯಿಯೇ ಇರಲಿಲ್ಲ. ಮೊಣಕಾಲೂರಿದರೆ ಬರುತ್ತಿದ್ದುದು ಒಂದೇ ಪ್ರಾರ್ಥನೆ: ಕರ್ತನೇ, ಯಾರೂ ನಮ್ಮ ಮನೆಗೆ ಬರದ ಹಾಗೆ ನೋಡಿಕೋ. ಹೆಂಡತಿಯನ್ನು ಗುಣಪಡಿಸು ಎಂದು ಕೇಳುವುದೂ ನಿಂತುಹೋಗಿತ್ತು.

ಆ ನಡುವೆ ಉಜ್ಜಿನಿ ಕಡೆಯ ಕುರುಬರ ಕೆಂಚಪ್ಪ ಒಂದು ಕುರಿ ಹಿಡಿದುಕೊಂಡು ಬಂದ. ಮೇವು ಮುಟ್ಟುತ್ತಿಲ್ಲ, ಹಿಂಡಿನೊಳಗೆ ನಿಲ್ಲುತ್ತಿಲ್ಲ, ಒದರುತ್ತ ತಿರುಗುತ್ತದೆ ಎಂದ. ನಾನು ಜ್ವರ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ, ಏನೂ ಇಲ್ಲ.

"ರೋಗ ಅಲ್ರೀ ಅದು" ಎಂದ ಕೆಂಚಪ್ಪ. "ಮರಿ ಸತ್ತು ಹುಟ್ಟಿತ್ತು. ನಾ ಇರ್ಲಿಲ್ಲ. ನನ್ ತಮ್ಮ ಹೊಸಬ, ಮರೀನ ಒಯ್ದು ದೂರ ಒಗದು ಬಂದಾನ. ತಾಯಿಗೆ ಮೂಸಿಸ್ಬೇಕ್ರಿ. ಸತ್ತಿದ್ರೂ ಮುಂದ ಇಡಬೇಕು. ಮೂಸಿ, ನೆಕ್ಕಿ, ತಾನ ಬಿಟ್ಟು ಹೊಕ್ಕೈತಿ. ಮೂಸಿಸ್ದಿದ್ರ ಹಿಂಗ, ಹುಡುಕ್ಕೋಂತ ತಿರಗತೈತಿ."

"ಮತ್ತ ಇಲ್ಲಿಗ್ಯಾಕ ತಂದಿ? ಎಲ್ಲಾ ನಿನಗ ಗೊತ್ತೈತಲ್ಲ, ಡಾಕ್ಟರು ನೀನಾ ಆಗು!" ಎಂದು ಅವನ ಮೇಲೆ ಕೂಗಾಡಿದೆ. ಕೆಂಚಪ್ಪ ಬೆಪ್ಪಾಗಿ ಕುರಿ ಹಿಡಿದುಕೊಂಡು ಹೋದ. ನಾನು ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ನಿಂತೆ. ಕುರಿ ಕಾಯುವವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮಾಡುವುದೇನು? ಮಣ್ಣು ಮಾಡಿದ ಮಗುವನ್ನು ಎಲ್ಲಿಂದ ತಂದು ತೋರಿಸಲಿ?

ಹೀಗಿರುವಾಗ ಕೂಟದ ಸರದಿ ನಮ್ಮ ಮನೆಗೆ ಬಂತು. ಒಂದು ವಾರ ಮೊದಲೇ ನಾನು, "ಬರೂ ಗುರುವಾರ ಗದಗಿಗೆ ಹೊಂಟೀನ್ರಿ, ಮನಿ ಬೀಗ ಇರತೈತಿ" ಎಂದು ಎಲ್ಲರಿಗೂ ಸಾರಿದೆ. ಗುರುವಾರ ರಜೆ ಹಾಕಿದೆ. ಸುಗುಣಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಸಂಜೆ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಸುತ್ತಿ ಹಿಂಬಾಗಿಲಿನಿಂದ ಒಳಗೆ ಬಂದು ಅಗುಳಿ ಹಾಕಿದೆ. ದೀಪ ಹಚ್ಚಲಿಲ್ಲ, ಒಲೆ ಹಚ್ಚಲಿಲ್ಲ. ಸುಗುಣ ಪಡಸಾಲೆಯ ಮೂಲೆಯಲ್ಲಿ ಎಂದಿನಂತೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನಾನು ಎದುರು ಕೂತೆ. ಇವತ್ತೊಂದು ದಿನ ದಾಟಿದರೆ ಇನ್ನು ಐದು ವಾರ ನಿಶ್ಚಿಂತೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಹೊರಗೆ ಚಪ್ಪಲಿಗಳ ಸದ್ದು.

"ಬೀಗ ಐತಲ್ಲೋ ಯೋಹಾನಾ. ಕಾಂಪೌಂಡರ್ರು ಗದಗಿಗೆ ಹೋಗ್ಯಾರ" ಎಂದರು ಎಸ್ತೇರಮ್ಮ.

"ಬೀಗ ಇದ್ರೇನಾತ್ರಿ ಯಕ್ಕಾ? ಸರದಿ ಅಂದ್ರ ಸರದಿ. ಅವರಾ ಮಾಡಿದ ರೂಲು ಅದು. ಕಟ್ಟಿ ಮ್ಯಾಲ ಕುಂದರ್ರಿ" ಎಂದ ಯೋಹಾನಪ್ಪ. ಅವನೂ ಕೂಟದವನೇ, ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗ್‌ಮನ್.

ಆಗ ನೆನಪಾಯಿತು! ಹಿಂದಿನ ವರ್ಷ ಇದೇ ಯೋಹಾನಪ್ಪನ ಸರದಿಯ ದಿನ ಅವನಿಗೆ ಇದ್ದಕ್ಕಿದ್ದಂತೆ ಲೈನಿನ ಕೆಲಸ ಬಿದ್ದು, ಮನೆಗೆ ಬೀಗವಿತ್ತು. ಎಲ್ಲರೂ ವಾಪಸು ಹೊರಟಾಗ ನಾನೇ ತಡೆದು ದೊಡ್ಡ ಮಾತು ಆಡಿದ್ದೆ. ಬೀಗ ಇರುವ ಮನೆಯನ್ನೂ ಬಿಡಬಾರದು, ಹೊರಗಿನ ಕಟ್ಟೆಯ ಮೇಲಾದರೂ ಕೂತು ಒಂದು ಹಾಡು ಹಾಡಿ ಆ ಮನೆಗಾಗಿ ಪ್ರಾರ್ಥಿಸಿಯೇ ಹೋಗಬೇಕು ಎಂದು ನಿಯಮ ಮಾಡಿದ್ದೆ. ಎಲ್ಲರೂ ಒಪ್ಪಿ ಆಮೆನ್ ಅಂದಿದ್ದರು. ಆಮೇಲೆ ಯಾರ ಮನೆಗೂ ಬೀಗ ಬೀಳದೆ ಆ ನಿಯಮವೇ ನನಗೆ ಮರೆತುಹೋಗಿತ್ತು. ಅವರಿಗೆ ಮರೆತಿರಲಿಲ್ಲ.

ಅವರು ಕೂತರು. ಕಟ್ಟೆ ಎಂದರೆ ನಮ್ಮ ಬಾಗಿಲಿಗೆ ಹೊಂದಿಕೊಂಡೇ ಇದೆ, ಒಳಗಿನಿಂದ ಅವರ ಬಳೆ ಸದ್ದು ಕೂಡ ಕೇಳುತ್ತಿತ್ತು. ಹಾಡು ಶುರುವಾಯಿತು. ನನಗೆ ಅದೇ ಹೊತ್ತಿಗೆ ಕೆಮ್ಮು ಬರಬೇಕೇ? ಟವಲನ್ನು ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಮನೆಯೊಡೆಯ ತನ್ನ ಮನೆಯಲ್ಲೇ ಕಳ್ಳನ ಹಾಗೆ ಅವುಡುಗಚ್ಚಿ ಕೂತಿದ್ದ. ಸುಗುಣ ನನ್ನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ನೆಟ್ಟಗೆ ನೋಡಿದಳು.

ಹಾಡು ಮುಗಿಯಿತು. ಲೀಲಾವತಿ ಟೀಚರ್ ಪ್ರಾರ್ಥನೆ ಮಾಡಿದರು.

"ಸ್ವಾಮಿ, ಸುಗುಣ ಗದಗಿನ್ಯಾಗ ಅದಾಳ. ಅಲ್ಲಿ ಆಕಿ ಜತಿಗೆ ಯಾರದಾರೋ ನನಗ ಗೊತ್ತಿಲ್ಲ. ನನ್ನ ಮಗ ಹೋದಾಗ ನನಗ ಅಳಬ್ಯಾಡ ಅಂದ್ರು. ನಾ ಬಾಯಿ ಮುಚ್ಚಿದೆ. ಅದು ಒಳಗ ಹಂಗ ಕುಂತೈತಿ ಸ್ವಾಮಿ, ಇವತ್ತಿಗೂ ಹೋಗಿಲ್ಲ. ಸುಗುಣಗ ಹಂಗ ಆಗಬಾರ್ದು. ಆಕಿಗೆ ಅಳಾಕ ಒಂದು ಮನಿ ಕೊಡು. ಜತಿಗೆ ಕುಂತು ಅಳೋರ್ನ ಕೊಡು."

ಆ ಮಾತು ಮುಗಿಯುವುದರೊಳಗೆ ಸುಗುಣ ಎದ್ದಿದ್ದಳು. ನಾನು ಸೆರಗು ಹಿಡಿಯಲು ಕೈ ಚಾಚಿದೆ, ಸಿಗಲಿಲ್ಲ. ಬಾಗಿಲ ಹತ್ತಿರ ಹೋಗಿ ಎರಡೂ ಅಂಗೈಯಿಂದ ದಬದಬ ಬಡಿದಳು.

"ಲೀಲಕ್ಕಾ! ನಾ ಗದಗಿನ್ಯಾಗ ಇಲ್ಲ. ಇಲ್ಲೇ ಅದೀನಿ. ಇಲ್ಲೇ ಅದೀನಿ, ಲೀಲಕ್ಕಾ!"

ಹೊರಗೆ "ಯಪ್ಪೋ!" ಎಂದು ಯೋಹಾನಪ್ಪ ಕಟ್ಟೆಯಿಂದ ಹಾರಿದ ಸದ್ದು. "ಯಾರವ್ವ ಅದು? ಸುಗುಣೇನಾ? ಬೀಗ ಹಾಕೈತಲ್ಲ!" ಎಂದು ಎಸ್ತೇರಮ್ಮ ಬೀಗ ಜಗ್ಗತೊಡಗಿದರು. ಹಿಂಬಾಗಿಲು ತೆರೆದು ಸುತ್ತಿ ಹೋಗಬಹುದಿತ್ತು, ಆ ಬುದ್ಧಿ ನನಗೆ ಹೊಳೆಯಲಿಲ್ಲ. ಕಿಟಕಿ ತೆರೆದು, ಸರಳುಗಳ ನಡುವೆ ಕೈ ಹಾಕಿ, ಬೀಗದ ಕೈ ಹೊರಗೆ ಚಾಚಿದೆ.

ಎಸ್ತೇರಮ್ಮ ಬೀಗದ ಕೈ ತೆಗೆದುಕೊಂಡು ಸರಳುಗಳ ಆಚೆಯಿಂದ ನನ್ನ ಮುಖ ನೋಡಿದರು.

"ನೀವೂ ಒಳಗ ಅದೀರಿ?"

"ಹೂಂ ರೀ" ಎಂದೆ.

"ಆತು. ನೀವು ಹಿಂದಿನ ಬಾಗ್ಲಾಗ ಹೊರಗ ಹೋಗ್ರಿ. ನಾವು ಒಳಗ ಬರ್ತೀವಿ."

ನಾನು ಹೋದೆ. ಹೆಂಗಸರು ಒಳಗೆ ಹೋದರು. ಸುಗುಣ ಲೀಲಾವತಿ ಟೀಚರ್ ಕೊರಳಿಗೆ ಬಿದ್ದು ಅತ್ತಳು. ಅದು ಸಣ್ಣ ಅಳುವಲ್ಲ. ನಮ್ಮ ಕಡೆ ಹೆಂಗಸರು ಒಂದೊಂದೇ ಹೆಸರಿಟ್ಟು ಹೇಳಿಕೊಂಡು ಅಳುತ್ತಾರಲ್ಲ, ಹಾಗೆ: ಹೊಲಿದ ಕುಲಾವಿ, ಎದೆಯಲ್ಲಿ ಕಟ್ಟಿಕೊಂಡ ಹಾಲು, ನೋಡದ ಮುಖ. ಲೀಲಾವತಿ ಟೀಚರ್ ತಮ್ಮ ಮಗನ ಹೆಸರು ಹಿಡಿದು ಅತ್ತರು. ಎಸ್ತೇರಮ್ಮನವರೂ ಯಾವ ಕಾಲದ ಯಾರನ್ನೋ ನೆನೆದು ಅತ್ತರು. ಅಳಬಾರದೆಂದು ನಾನು ಕಲಿಸಿದ್ದೆಲ್ಲ ಒಂದು ಗಳಿಗೆಯಲ್ಲಿ ಕೊಚ್ಚಿಹೋಯಿತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದೆ.

ಯೋಹಾನಪ್ಪ ಪಕ್ಕದಲ್ಲಿ ಕೂತ. ಆಮೇಲೆ, "ಹಳಿ ಸರದ್ರ ಒಬ್ಬಾವನ ಕೈಲಿ ಎತ್ತಾಕ ಆಗಂಗಿಲ್ರೀ ಕಾಂಪೌಂಡರ್ರ. ಎಂಟು ಮಂದಿ ಬೇಕು. ನಾ ಒಬ್ಬನ ಎತ್ತತೀನಿ ಅಂದಾವ ನಡಾ ಮುರಕೊಂತಾನ" ಎಂದ. ನಾನು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ನಾಲ್ಕು ದಿನ ನಾನೂ ಆ ಮಗುವಿಗೆ ಅಪ್ಪನಾಗಿದ್ದೆ. ನನಗೂ ಅಳುವಿತ್ತು, ಯಾರಿಗೂ ಕೊಟ್ಟಿರಲಿಲ್ಲ.

ಕಡೆಗೆ ಒಳಗಿನಿಂದ ಕರೆ ಬಂತು. ದೀಪ ಹಚ್ಚಿದ್ದರು. ಸುಗುಣಳ ಮುಖ ಬಾತುಹೋಗಿತ್ತು. "ಹೆಂಗಿದ್ಲು, ಹೇಳ್ರಿ" ಎಂದಳು.

ನಾನು ನಿಂತುಕೊಂಡೇ ಹೇಳಿದೆ. ತಲೆ ತುಂಬ ಕೂದಲಿತ್ತು. ಬಲಗಿವಿಯ ತುದಿ ನಿನ್ನದರ ಹಾಗೆಯೇ ಒಳಕ್ಕೆ ಮಡಚಿತ್ತು. ಅಳುವಾಗ ಕೆಳತುಟಿ ಮೊದಲು ನಡುಗುತ್ತಿತ್ತು. ಮೂರನೆಯ ದಿನ ನನ್ನ ಕಿರುಬೆರಳು ಹಿಡಿದುಕೊಂಡಿದ್ದಳು. ಔಷಧಿ ತರಲು ಹೋಗಬೇಕಿತ್ತು, ಬಿಡಿಸಿಕೊಂಡು ಹೋದೆ. ಸುಗುಣ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. "ಬಿಡಿಸ್ಕೋಬಾರ್ದಿತ್ತು" ಎಂದಳು. "ಹೌದು" ಎಂದೆ. ಅವತ್ತು ಅವಳು ಎಸ್ತೇರಮ್ಮನವರ ಕೈಯಿಂದ ಎರಡು ತುತ್ತು ಜೋಳದ ರೊಟ್ಟಿ ತಿಂದಳು.

ಒಂದೇ ಸಂಜೆಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಅದೂ ಸುಳ್ಳಾದೀತು. ನನ್ನ ಜೊತೆ ಮಾತು ಕೂಡಲು ಅವಳಿಗೆ ಇನ್ನೂ ಬಹಳ ದಿನ ಹಿಡಿಯಿತು. ಆದರೆ ಬೀಗ ಮತ್ತೆ ಹಾಕಲಿಲ್ಲ. ಹಗಲು ನಾನು ಕೆಲಸಕ್ಕೆ ಹೋದರೆ ಕೂಟದ ಯಾರಾದರೊಬ್ಬರು ಬಂದು ಅವಳ ಜೊತೆ ಕೂರುತ್ತಿದ್ದರು. ಲೀಲಾವತಿ ಟೀಚರ್ ಶಾಲೆ ಬಿಟ್ಟು ನೆಟ್ಟಗೆ ನಮ್ಮಲ್ಲಿಗೇ ಬರುತ್ತಿದ್ದರು. ಎಲ್ಲರೂ ಕೂಡಿ ದಾವಣಗೆರೆಗೆ ಹೋಗಿ ಸಮಾಧಿ ತೋಟದ ಆ ಮೂಲೆಯನ್ನು ಸುಗುಣಳಿಗೆ ತೋರಿಸಿದೆವು. ಅವಳು ಮಣ್ಣಿನ ಮೇಲೆ ಕೈಯಿಟ್ಟು ಕೂತಳು. ಬಸ್ಸು ತಪ್ಪಿತು, ಯಾರೂ ಅವಸರ ಮಾಡಲಿಲ್ಲ. ನಾನು ಕೂಟದ ಮುಂದೆ ನಿಂತು ಲೀಲಾವತಿ ಟೀಚರ್ ಅವರ ಕ್ಷಮೆ ಕೇಳಿದೆ. "ಆತ್ ಬಿಡ್ರಿ" ಎಂದರು. ಎಸ್ತೇರಮ್ಮ ಮಾತ್ರ ಬಿಡಲಿಲ್ಲ. "ಇನ್ನ ಮ್ಯಾಲ ಹಾಡು ಲೀಲಾ ಎತ್ತಲಿ. ನೀವು ಚಾಪಿ ಹಾಸ್ರಿ" ಎಂದರು. ಇವತ್ತಿಗೂ ಚಾಪೆ ಹಾಸುವವನು ನಾನೇ.

ಈಗ ಕೂಡ್ಲಿಗಿಯಲ್ಲೂ ಹಡಗಲಿಯಲ್ಲೂ ಮನೆಕೂಟ ಶುರು ಮಾಡುವವರು, ಅದರಿಂದ ಏನು ಪ್ರಯೋಜನ ಎಂದು ನನ್ನನ್ನು ಕೇಳುತ್ತಾರೆ. ದೊಡ್ಡ ಉತ್ತರ ನನಗೆ ಬರುವುದಿಲ್ಲ. ಯಾರೂ ಬರದಿರಲಿ ಎಂದು ನಾನು ಇಪ್ಪತ್ತಾರು ದಿನ ಬೇಡಿದೆ, ಕರ್ತನು ಆ ಪ್ರಾರ್ಥನೆಯನ್ನು ತಳ್ಳಿಹಾಕಿ ಲೀಲಾವತಿ ಟೀಚರ್ ಬೇಡಿದ್ದನ್ನು ಕೇಳಿದ. ಆತನ ಆ ದಯೆಗೆ ನಾನು ಬದುಕಿರುವವರೆಗೆ ಸ್ತೋತ್ರ ಹೇಳುತ್ತೇನೆ. ಆತನು ಮನೆಗಳಿಗೆ ಬರುತ್ತಾನೆಂಬುದರಲ್ಲಿ ನನಗೆ ಇನ್ನು ಸಂಶಯವಿಲ್ಲ, ಏಕೆಂದರೆ ನನ್ನ ಮನೆಗೆ ಮೂರು ಜೊತೆ ಚಪ್ಪಲಿ ಸದ್ದು ಮಾಡಿಕೊಂಡು ಬಂದ.

ಐದು ವಾರದ ಮೇಲೆ ಸರದಿ ಮತ್ತೆ ನಮ್ಮ ಮನೆಗೆ ಬಂತು. ನಮ್ಮ ಕೂಟದಲ್ಲಿ ಒಂದು ರೂಢಿ ಇದೆ. ಕಡೆಯಲ್ಲಿ ಹಿರಿಯರು ಆ ಮನೆಯ ಹೆಣ್ಣುಮಗಳನ್ನು ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುತ್ತಾರೆ. ಅವಳು ಹೆಸರು ಹೇಳಬೇಕು, ಒಂದೊಂದು ಹೆಸರಿಗೂ ಸ್ತೋತ್ರ ಹೇಳಿ ಕೂಟ ಮುಗಿಸುತ್ತಾರೆ. ಏಳು ವರ್ಷದಿಂದ ನಮ್ಮ ಮನೆಯ ಉತ್ತರ ಎಲ್ಲರಿಗೂ ಬಾಯಿಪಾಠ.

"ಸುಗುಣಾ, ಈ ಮನಿಯಾಗ ಎಷ್ಟು ಮಂದಿ ಅದೀರವ್ವ?" ಎಂದರು ಎಸ್ತೇರಮ್ಮ.

"ಮೂರು ಮಂದಿ ರೀ" ಎಂದಳು ಸುಗುಣ.

ಯಾರ ತಪ್ಪು ಕಂಡರೂ ತಿದ್ದುವ ನನ್ನ ಬಾಯಿ ತೆರೆಯಿತು. ಮುಚ್ಚಿಕೊಂಡೆ.

"ಹೆಸರು ಹೇಳವ್ವ."

"ಇವ್ರು. ನಾನು. ನಮ್ಮ ಕೃಪಾ."

ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಎಸ್ತೇರಮ್ಮ ಒಂದು ಗಳಿಗೆಯೂ ತಡೆಯದೆ ಮೂರು ಹೆಸರಿಗೂ ಸ್ತೋತ್ರ ಹೇಳಿದರು. ಆಮೆನ್ ಎಂದವರಲ್ಲಿ ನನ್ನ ಧ್ವನಿಯೇ ಗಟ್ಟಿಯಾಗಿತ್ತು.